ಹೋಲ್ಕಂ ದೊರೆಯ ಜೇನುಬುಟ್ಟಿಗಳು

ಆಮೋಸ್ ಫ್ರೈಯ ಹೆಂಡತಿ ಕೆಜಾಯಾ ಚಮ್ಮಾರ ಜಾಕರಿಯ ಅಂಗಡಿಯ ಬಾಗಿಲು ದಬ್ಬಿಕೊಂಡು ಒಳಗೆ ಬಂದಾಗ ಅವಳ ಒಂದು ಕಾಲಲ್ಲಿ ಮಾತ್ರ ಜೋಡಿತ್ತು. ಇನ್ನೊಂದು ದಾರಿಯಲ್ಲಿ ಎಲ್ಲಿ ಕಳಚಿತೆಂಬುದು ಅವಳಿಗೇ ತಿಳಿದಿರಲಿಲ್ಲ. ನೆಲವೆಲ್ಲ ಹೆಪ್ಪುಗಟ್ಟಿದ್ದ ನವೆಂಬರಿನ ಒಂದು ಗುರುವಾರ, ಬೆಳಗಿನ ಹತ್ತು ಗಂಟೆ.

“ಜಾಕರಿಯಣ್ಣ, ನಮ್ಮೋರನ್ನ ಹಿಡ್ಕೊಂಡು ಹೋದ್ರು. ಹಂದಿ ಎಳಕೊಂಡು ಹೋದ ಹಾಗೆ ಎಳಕೊಂಡು ಹೋದ್ರು.”

“ಯಾತಕ್ಕೆ?”

“ದೊರೆನ ಕೊಂದ ಅಂತ. ಬೆಳಿಗ್ಗೆ ಏಳೂವರೆಗೆ ದನ ಹೊಡೆದುಕೊಂಡು ಹೋದೋರು ನೋಡಿದ್ರಂತೆ. ದೊಡ್ಡಮನೆ ತೋಟದ ಕೆಳಗಿನ ಹುಲ್ಲುಗಾವಲಲ್ಲಿ ಬೋರಲು ಬಿದ್ದಿದ್ನಂತೆ, ಎದೆಗೆ ಕೋವಿ ಈಡು. ಒಂಬತ್ತಕ್ಕೆ ಪೇದೆ ನಮ್ಮ ಬಾಗಿಲಲ್ಲಿ. ಮಾರ್ಚಿನೊಳಗೆ ನಿನ್ನ ಗಂಡ ನೇಣಲ್ಲಿ ತೂಗ್ತಾನೆ ಅಂತ ನಗ್ತಾ ಹೇಳ್ದ ಅಣ್ಣ. ನಗ್ತಾ!”

ನಾನು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿದೆ. ನನ್ನ ಹೆಸರು ಈನಾಕ್ ಪಾರ್ಡ್ಯೂ; ಬಾಡಿಗೆ ಗಾಡಿ ಹೊಡೆಯುವವನು. ಸಾಮಾನಿಲ್ಲದ ದಿನ ಜಾಕರಿಯ ಅಂಗಡಿಯಲ್ಲಿ ಕುಳಿತು ಗಟ್ಟಿಯಾಗಿ ಪತ್ರಿಕೆ ಓದುವುದು ನನ್ನ ಕೆಲಸ, ಅಟ್ಟೆ ಹೊಲಿಯುತ್ತ ಅದರ ಒಂದೊಂದು ಸಾಲಿನೊಂದಿಗೂ ಜಗಳವಾಡುವುದು ಅವನ ಕೆಲಸ. ನಮ್ಮೂರು ನೆದರ್ ಕಾಂಬ್ಲಿಯಲ್ಲಿ ಹೋಲ್ಕಂ ಮನೆತನಕ್ಕೆ ಸೇರದ ಚಾವಣಿಗಳು ಎರಡೇ: ಜಾಕರಿಯ ಅಜ್ಜ ಕೊಂಡಿದ್ದ ಈ ಎರಡು ಕೋಣೆಯ ಮನೆ, ಮತ್ತು ಚರ್ಚು. ಚರ್ಚಿನ ಬಗ್ಗೆ ನನಗೆ ಅನುಮಾನವಿದೆ. ಸ್ವಂತ ಸೂರಿದ್ದುದರಿಂದ ಜಾಕರಿಯ ನಾಲಿಗೆಯೂ ಅವನ ಸ್ವಂತದ್ದೇ ಆಗಿತ್ತು. ಪಾದ್ರಿಯ ಬೆಳ್ಳಿ ಬಟ್ಟಲನ್ನು ಕದ್ದವನು ಪಾದ್ರಿಯ ಅಳಿಯನೇ ಎಂದು ಪತ್ತೆ ಮಾಡಿದ್ದು ಅವನು; ಗಿರಣಿ ಬಾವಿಯ ವಿಷದ ಗುಟ್ಟು ಒಡೆದದ್ದೂ ಅವನೇ. ಊರಿನ ಬಡವರಿಗೆ ಪೊಲೀಸು ಎಂದರೆ ಪೇದೆಯಲ್ಲ, ಜಾಕರಿ.

ಸತ್ತವನು ಸಾಮಾನ್ಯನಲ್ಲ. ಸರ್ ಜರ್ವಿಸ್ ಹೋಲ್ಕಂ ಇಪ್ಪತ್ತೇಳು ವರ್ಷ ಪಾರ್ಲಿಮೆಂಟಿನಲ್ಲಿ ಕುಳಿತವನು. ಅವನಪ್ಪ ಕುಳಿತಿದ್ದ, ಅಜ್ಜ ಕುಳಿತಿದ್ದ. ಆ ಕುರ್ಚಿಯೂ ಕುದುರೆ ಲಾಯದ ಹಾಗೆ ವಂಶದ ಆಸ್ತಿ. ಲಂಡನ್ನಿನಲ್ಲಿ ಬಡವರ ಏಳಿಗೆಯ ಮೇಲೆ ಎರಡು ಗಂಟೆ ಮಾತಾಡಿ, ರೈಲು ಹತ್ತಿ ಊರಿಗೆ ಬಂದು, ಮರುದಿನ ನ್ಯಾಯಪೀಠದಲ್ಲಿ ಕುಳಿತು, ಬೇಲಿಯಿಂದ ಸೌದೆ ಮುರಿದ ಮುದುಕಿಗೆ ಹದಿನಾಲ್ಕು ದಿನ ಜೈಲು ಬರೆಯುತ್ತಿದ್ದ. ನಮ್ಮ ಗೋಮಾಳಕ್ಕೆ ಬೇಲಿ ಹಾಕಿಸಿ ‘ಸುಧಾರಣೆ’ ಎಂದು ಕರೆದವನು ಅವನೇ. ಆದರೆ ಅವನಿಗೊಂದು ಹುಚ್ಚಿತ್ತು: ಕೊಟ್ಟ ಮಾತು. ಬೇಟೆನಾಯಿಗಳಿಗಿಂತ ಮುದ್ದಾಗಿ ಅದನ್ನು ಸಾಕಿದ್ದ.

“ಆಮೋಸ್ ಮಂಗಳವಾರ ದೊರೆಯ ಎದುರಾಳಿ ಹಳದಿಯವರಿಗೆ ಮತ ಕೊಟ್ಟ, ಸರಿಯಾ?” ಜಾಕರಿ ಕೇಳಿದ.

“ಕೊಟ್ರು. ವೇದಿಕೆ ಮುಂದೆ ನಿಂತು, ಊರೆಲ್ಲ ಕೇಳೋ ಹಾಗೆ ಹೆಸರು ಹೇಳಿದ್ರು. ಪಾರುಪತ್ಯಗಾರ ಕ್ರೌಚ್ ಪಕ್ಕದಲ್ಲೇ ನಿಂತು ಬರ್ಕೊಂಡ. ಯಾರಿಗೆ ಬೇಕಾದ್ರೂ ಕೊಡಿ, ಒಬ್ಬರನ್ನೂ ಹೊರಗೆ ಹಾಕಲ್ಲ ಅಂತ ದೊರೆನೇ ಭಾಷಣದಲ್ಲಿ ಹೇಳಿದ್ದ. ಅದನ್ನ ನಂಬಿದ್ರು ನಮ್ಮೋರು, ಪೆದ್ದು ಮನುಷ್ಯ. ಬುಧವಾರ ಬೆಳಿಗ್ಗೆನೇ ಮನೆ ಹೊಲ ಖಾಲಿ ಮಾಡಿ ಅಂತ ನೋಟೀಸು ಬಂತು, ದೊರೆ ಹೆಸರಲ್ಲಿ.”

“ಆಮೇಲೆ?”

“ಅದನ್ನ ಹಿಡ್ಕೊಂಡು ಮಧ್ಯಾಹ್ನ ದೊಡ್ಡಮನೆಗೆ ಹೋಗಿ ಕೂಗಾಡಿದ್ರು. ಆಳುಗಳೆಲ್ಲ ಕೇಳಿದಾರೆ. ಆದ್ರೆ ಅಣ್ಣ, ದೊರೆ ಅದನ್ನ ಓದಿ ಬಿಳಿಚಿಕೊಂಡ್ನಂತೆ. ಇದು ನಾನು ಬರೆದದ್ದಲ್ಲ, ನಾಳೆ ಫಲಿತಾಂಶ ಹೇಳೋವಾಗ ವೇದಿಕೆ ಮೇಲೆ ಇದನ್ನ ಓದಿ, ಬರೆದವನು ಯಾರು ಅಂತ ಜಿಲ್ಲೆಗೆಲ್ಲ ಹೇಳ್ತೀನಿ ಅಂತ ನೋಟೀಸನ್ನ ಜೇಬಿಗೆ ಹಾಕ್ಕೊಂಡನಂತೆ.”

“ಆ ಮಾತು ಕೇಳಿದೋರು ಇನ್ಯಾರಾದ್ರೂ ಇದಾರಾ?”

“ಯಾರೂ ಇಲ್ಲ.”

“ಹೆಣದ ಜೇಬಲ್ಲಿ ನೋಟೀಸು ಸಿಕ್ಕಿತಾ?”

“ಇಲ್ಲ ಅಂತಾನೆ ಪೇದೆ.”

ಅವಳನ್ನು ಮನೆಗೆ ಕಳಿಸಿದ ಮೇಲೆ ಜಾಕರಿ ಮೇಣದ ದಾರವನ್ನು ಸುತ್ತಿಡುತ್ತ ಕೇಳಿದ: “ಏನಂತೀಯಾ ಈನಾಕ್? ಆಮೋಸ್ ಕೊಂದಿರಬಹುದಾ?”

ನಾನು ಸುಳ್ಳು ಹೇಳಲಿಲ್ಲ. “ಕೊಂದಿರಬಹುದು. ನೋಟೀಸು ಬಂದಿದ್ರೆ ನಾನೂ ಕೋವಿ ಕಡೆ ನೋಡ್ತಿದ್ದೆನೇನೋ.”

“ನಂಗೂ ಅನುಮಾನ ಇದೆ. ಇರಬೇಕು. ಬಡವ ಅಂದ ಮಾತ್ರಕ್ಕೆ ನಿರಪರಾಧಿ ಅಲ್ಲ. ಬುಧವಾರ ಏನೇನಾಯ್ತು, ನೆನಪು ಮಾಡು.”

ನೆನಪು ಮಾಡಿದೆ. ಮಂಗಳವಾರ ಸಂಜೆಗೇ ದೊರೆ ಗೆದ್ದದ್ದು ಎಲ್ಲರಿಗೂ ಗೊತ್ತಿತ್ತು. ಗುರುವಾರ ಪಟ್ಟಣದಲ್ಲಿ ಅದನ್ನು ಸಾರುವುದಷ್ಟೇ ಬಾಕಿ. ಬುಧವಾರ ಸಂಜೆ ನಾಲ್ಕಕ್ಕೆ ದೊಡ್ಡ ಕಣಜದ ಮನೆಯಲ್ಲಿ ಒಕ್ಕಲುಗಳಿಗೆ ಗೆಲುವಿನ ಊಟ; ದೊರೆಗಳು ಅಂಥ ಊಟಕ್ಕೆ ಬರುವವರಲ್ಲ. ದೊಡ್ಡಮನೆಯ ಆಳುಗಳಿಗೂ ರಾತ್ರಿ ಹತ್ತರವರೆಗೆ ಬಿಡುವು ಕೊಟ್ಟು ಅಲ್ಲಿಗೇ ಕಳಿಸಿದ್ದರು. ನಾಲ್ಕರಿಂದ ನಾಲ್ಕೂವರೆಯವರೆಗೆ ಕಮ್ಮಾರ ಸಂಭ್ರಮಕ್ಕೆಂದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಮದ್ದಿಟ್ಟು ಇಪ್ಪತ್ತೊಂದು ಸಲ ಸಿಡಿಸಿದ. ಊರಿನ ಕೋಳಿಗಳೆಲ್ಲ ಹುಚ್ಚೆದ್ದವು. ಐದಕ್ಕೆ ಸರಿಯಾಗಿ ಮಳೆ ಸುರಿದು ಹಬ್ಬದ ಬೆಂಕಿಯನ್ನು ಆರಿಸಿತು. ಐದೂವರೆಗೆ ನಿಂತಿತು. ಆಮೇಲೆ ಆಕಾಶ ತೆರವಾಗಿ, ಮೂಳೆ ಕೊರೆಯುವ ಚಳಿ. ಹಳದಿಯವರಿಗೆ ಮತ ಕೊಟ್ಟವರಿಗೆ ಆ ಊಟದಲ್ಲಿ ಜಾಗವಿರಲಿಲ್ಲವಾದ್ದರಿಂದ ಆಮೋಸ್ ನಾಲ್ಕರಿಂದ ಏಳರವರೆಗೆ ಇದೇ ಅಂಗಡಿಯಲ್ಲಿ ಕುಳಿತು ನಾನು ಓದುವುದನ್ನು ಕೇಳುತ್ತಿದ್ದ. ಏಳರ ನಂತರ ಮೊಲದ ಉರುಲು ನೋಡಲು ಹೊಲದ ಕಡೆ ಹೋದ. ಹತ್ತಕ್ಕೆ ಮನೆ ಸೇರಿದ.

“ಏಳರಿಂದ ಹತ್ತು,” ಜಾಕರಿ ಹೇಳಿದ. “ಆ ಮೂರು ಗಂಟೆಲೇ ಅವನ ಕುತ್ತಿಗೆ ಇದೆ. ಏಳು, ದೊಡ್ಡಮನೆ ಅಡುಗೆ ಹನ್ನಾಳ ಜೋಡು ಸಿದ್ಧವಾಗಿದೆ. ಕೊಟ್ಟು ಬರೋಣ.”

ಆ ದಿನ ಸೂರ್ಯ ಮುಖ ತೋರಿಸಲೇ ಇಲ್ಲ. ಹನ್ನೊಂದು ಗಂಟೆಯಾದರೂ ಹುಲ್ಲೆಲ್ಲ ಗಾಜಾಗಿತ್ತು. ಹೆಣ ಬಿದ್ದಿದ್ದ ಜಾಗವನ್ನು ನೋಡಿದೆವು; ದನ ತುಳಿದು ರಾಡಿ ಮಾಡಿದ್ದವು. ಅಲ್ಲಿಂದ ತಲೆಯೆತ್ತಿದರೆ ದೊಡ್ಡಮನೆಯ ತೋಟದ ತಗ್ಗು ಗೋಡೆ. ಗೋಡೆಯಾಚೆ ಹಲಗೆಗಳ ಮೇಲೆ ಏಳು ಹುಲ್ಲಿನ ಜೇನುಬುಟ್ಟಿ.

ಹನ್ನಾ ಹಿತ್ತಿಲಲ್ಲೇ ಸಿಕ್ಕಿದಳು. ಕಣ್ಣು ಕೆಂಪಾಗಿತ್ತು, ಬಾಯಿ ಮಾತ್ರ ಎಂದಿನಂತೆಯೇ ಇತ್ತು.

“ಬಂದ್ಯಾ? ಹೆಣ ಬಿದ್ದ ಮನೆಗೆ ಹದ್ದು ಬಂದ ಹಾಗೆ. ಕೊಡು ಜೋಡು. ಅಮ್ಮೋರು ಯಾರಿಗೂ ಮುಖ ತೋರಿಸ್ತಿಲ್ಲ.”

“ದೊರೆ ತಂಗಿ ಲವೀನಿಯಾ ದೊರೆಸಾನಿಯವರಾ? ನಿನ್ನೆ ಅಣ್ಣನ ಜೊತೆ ಮನೇಲಿ ಅವರೊಬ್ಬರೇ ಇದ್ದದ್ದಾ?”

“ಅವರಿಬ್ಬರೇ. ನಾವೆಲ್ಲ ಊಟದ ಹತ್ರ. ದೊರೆ ಏಳಕ್ಕೆ ಅಮ್ಮೋರ ಜೊತೆ ತಣ್ಣನೆ ಮಾಂಸ ತಿಂದು, ಎಂಟೂವರೆಗೆ ಚುಟ್ಟ ಸೇದ್ತಾ ಹೊರಗೆ ಹೋದ್ರಂತೆ. ಅಮ್ಮೋರು ಮಲಗಿಬಿಟ್ರಂತೆ. ಪೇದೆಗೆ ಹೇಳಿದ್ದು ಕೇಳಿಸ್ಕೊಂಡೆ.”

ಜಾಕರಿ ಜೇನುಬುಟ್ಟಿಗಳ ಹತ್ತಿರ ಹೋಗಿ ನಿಂತಿದ್ದ. ಏಳಕ್ಕೂ ಸೊಂಟದ ಸುತ್ತ ಕಪ್ಪು ಪಟ್ಟಿ ಕಟ್ಟಿತ್ತು. ನಮ್ಮ ಕಡೆ ಯಜಮಾನ ಸತ್ತರೆ ಜೇನಿಗೆ ಹೇಳಲೇಬೇಕು. ಮನೆಯ ಕೀಲಿಕೈಯಿಂದ ಮೂರು ಸಲ ಬುಟ್ಟಿ ತಟ್ಟಿ, ಸತ್ತವನ ಹೆಸರು, ಇನ್ನು ಮುಂದಿನ ಯಜಮಾನನ ಹೆಸರು ಹೇಳಿ, ಕಪ್ಪು ಪಟ್ಟಿ ಕಟ್ಟಬೇಕು. ಹೇಳದಿದ್ದರೆ ಹುಳ ಸಾಯುತ್ತವೆ, ಇಲ್ಲವೇ ಮನೆ ಬಿಟ್ಟು ಹೋಗುತ್ತವೆ. ಅವುಗಳ ಮುಂದೆ ಸುಳ್ಳಾಡಿದರೂ ಅಷ್ಟೆ.

“ಜೇನಿಗೆ ಯಾರು ಹೇಳಿದ್ದು?”

“ಇನ್ಯಾರು, ಅಮ್ಮೋರೇ. ಬೇರೆಯವರು ಮುಟ್ಟೋ ಹಾಗೇ ಇಲ್ಲ. ಬೆಳಿಗ್ಗೆ ಹೆಣ ತಂದ ಮೇಲೆ ಕಟ್ಟಿರಬೇಕು. ಅಯ್ಯೋ, ಇದೊಂದು ಜಾರಿದೆ ನೋಡು.” ಹನ್ನಾ ಒಂದು ಪಟ್ಟಿಯನ್ನು ಮೇಲೆ ಸರಿಸಲು ಹೋದಳು. ಬರಲಿಲ್ಲ. ಎಳೆದಾಗ ಚಟಚಟನೆ ಮಂಜುಗಡ್ಡೆ ಒಡೆಯಿತು. “ಕಲ್ಲಾಗಿದೆಯಲ್ಲೋ! ಹುಲ್ಲಿಗೇ ಕಚ್ಚಿಕೊಂಡಿದೆ.”

ಜಾಕರಿ ಬೆರಳಿಂದ ಪಟ್ಟಿಯನ್ನು ಸವರಿದ. ಅದರ ಮೇಲೆಲ್ಲ ಗಾಜಿನಂಥ ಪದರ. ನನ್ನನ್ನೂ ಕರೆದು ಮುಟ್ಟಿಸಿದ.

“ಎಳೆ ದೊರೆ ಪರ್ಸಿವಲ್ ಎಲ್ಲಿ?” ಎಂದು ಕೇಳಿದ.

“ಪಟ್ಟಣದಲ್ಲಿದ್ರಲ್ಲ, ಸುದ್ದಿ ತಿಳಿದು ಈಗ ಕುದುರೆ ಓಡಿಸ್ಕೊಂಡು ಬಂದ್ರು. ಅಪ್ಪನ ಹೆಣಕ್ಕೆ ಸ್ನಾನ ಮಾಡಿಸಿ, ಬೇರೆ ಬಟ್ಟೆ ಹಾಕಿ ಅಂತ ಮೊದಲು ಹೇಳಿದ್ದೇ ಅವರು. ರಾಡಿ ಬಟ್ಟೇಲಿ ಪಂಚರಿಗೆ ತೋರಿಸೋದಾ ಅಂತ. ಕೋಟೆಲ್ಲ ಒಲೆಗೆ ಹಾಕಿಸಿದ್ರು.”

ಹಿಂದಿರುಗುವಾಗ ನಾನೇ ಬಾಯಿ ಬಿಟ್ಟೆ. “ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಪರ್ಸಿವಲ್ ದೊರೆ ಪೆಟ್ಟಿಗೆಯನ್ನ ನಾನೇ ರೈಲಿಗೆ ಹಾಕಿದ್ದು. ತಾನು ಕುದುರೆ ಮೇಲೆ ಹೋಗ್ತೀನಿ ಅಂದ. ಕೋವಿ ಪೆಟ್ಟಿಗೆಯನ್ನೂ ಕೊಡಿ ಅಂದ್ರೆ, ಬೇಡ, ಶುಕ್ರವಾರ ಗೆಳೆಯರ ಜೊತೆ ಬೇಟೆ ಇದೆ, ನನ್ನ ಹತ್ರಾನೇ ಇರಲಿ ಅಂದ.”

“ಸಾಮಾನಿನ ಚೀಟಿ ತಾನೇ ಬರೆದು ಕೊಟ್ಟಿದ್ನಾ?”

“ಕೊಟ್ಟಿದ್ದ. ಇದೆ.”

“ಜೋಪಾನ. ಇನ್ನು ಹಳದಿಗೆ ಮತ ಹಾಕಿದ ಇನ್ನೊಬ್ಬ ಸೈಲಸ್ ಬರ್ಜ್. ಅವನಿಗೂ ನೋಟೀಸು ಬಂದಿರಬೇಕಲ್ಲ?”

ಸೈಲಸ್ ಬಾಗಿಲು ಅರ್ಧ ತೆರೆದು, ನೋಟೀಸೇ ಬಂದಿಲ್ಲ ಎಂದ. ಅವನ ಕಣ್ಣು ನೆಲ ನೋಡುತ್ತಿತ್ತು. ಅಂದು ರಾತ್ರಿ ನನಗೆ ಅವನ ಮೇಲೂ ಅನುಮಾನ, ಕ್ರೌಚನ ಮೇಲೂ ಅನುಮಾನ, ಉರುಲು ನೋಡಲು ಹೋದ ಆಮೋಸನ ಮೇಲೆ ಎಲ್ಲರಿಗಿಂತ ಹೆಚ್ಚು ಅನುಮಾನ. ಬೆದರಿದ ಊರಿನಲ್ಲಿ ಪ್ರತಿಯೊಬ್ಬನ ಮುಖವೂ ಕೊಲೆಗಾರನ ಮುಖವೇ.

ಶನಿವಾರ ಸಾವಿನ ವಿಚಾರಣೆ. ನಮ್ಮೂರಿನ ಪದ್ಧತಿಯಂತೆ ಹೆಂಡದಂಗಡಿಯ ಉದ್ದ ಕೋಣೆಯಲ್ಲಿ ಬೆಂಚು ಹಾಕಿದ್ದರು. ಪಟ್ಟಣದಿಂದ ವಿಚಾರಣಾಧಿಕಾರಿ ಬಂದಿದ್ದ. ಪಂಚರು ಹದಿಮೂರು ಜನ. ಜಾಕರಿ, ನಾನು, ಸೈಲಸ್, ಪಾರುಪತ್ಯಗಾರ ಕ್ರೌಚ್, ಉಳಿದವರು ದೊಡ್ಡಮನೆಯ ಒಕ್ಕಲುಗಳು. ಕೊಂದವನು ಯಾರೆಂಬ ತೀರ್ಪಿಗೆ ಹನ್ನೆರಡು ಜನರ ಒಮ್ಮತ ಬೇಕು. ಮೊದಲು ನಮ್ಮನ್ನು ಹೆಣ ನೋಡಲು ಕರೆದೊಯ್ದರು. ತೊಳೆದು, ತಲೆ ಬಾಚಿ, ಬಿಳಿ ಅಂಗಿ ತೊಡಿಸಿ ಮಲಗಿಸಿದ್ದ ಸರ್ ಜರ್ವಿಸ್ ಇನ್ನೇನು ಎದ್ದು ಭಾಷಣ ಮಾಡುವಂತಿದ್ದ. ವೈದ್ಯರು ಒಂದು ತಟ್ಟೆ ತೋರಿಸಿದರು: ಗಾಯದಿಂದ ತೆಗೆದ ಚರೆಕಾಳುಗಳು, ಅವುಗಳ ಜೊತೆ ಒಂದು ದುಂಡನೆಯ ಉಣ್ಣೆಬಟ್ಟೆಯ ಬಿಲ್ಲೆ. ವಿಚಾರಣಾಧಿಕಾರಿ ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋದ. ಜಾಕರಿ ಹೋಗಲಿಲ್ಲ.

“ಹೆಣ ಎಷ್ಟು ಹೊತ್ತಿಗೆ ಬಿದ್ದದ್ದು ಅಂತ ಹೇಳೋಕಾಗತ್ತಾ, ಡಾಕ್ಟರೇ?”

“ಆ ಚಳಿಯಲ್ಲಿ? ಮರದ ಕೊರಡಿನ ಹಾಗಿತ್ತು. ನಾಲ್ಕೋ, ಹನ್ನೆರಡೋ, ದೇವರಿಗೇ ಗೊತ್ತು.”

ಕೋಣೆ ತುಂಬಿತ್ತು. ಆಮೋಸ್ ಪೇದೆಯ ಪಕ್ಕ, ಕೈಗೆ ಬೇಡಿ. ಕೆಜಾಯಾ ಹಿಂದಿನ ಗೋಡೆಗೊರಗಿ ನಿಂತಿದ್ದಳು. ಮುಂದಿನ ಕುರ್ಚಿಯಲ್ಲಿ ಪರ್ಸಿವಲ್ ಹೋಲ್ಕಂ, ಅವನ ಪಕ್ಕ ಕಪ್ಪು ಪರದೆ ಇಳಿಬಿಟ್ಟ ಲವೀನಿಯಾ ದೊರೆಸಾನಿ. ಅವಳು ಊಟದ ವಿಷಯ, ಎಂಟೂವರೆಯ ವಿಷಯ ಹೇಳಿದಳು. ಪರ್ಸಿವಲ್ ತಾನು ಬುಧವಾರ ಒಂದಕ್ಕೇ ಹೊರಟೆ, ಏಳಕ್ಕೆ ಪಟ್ಟಣದ ಹೋಟೆಲು ಸೇರಿದೆ, ಇಪ್ಪತ್ತು ಜನ ಗಣ್ಯರು ಸಾಕ್ಷಿ ಎಂದ. ಪೇದೆ ಆಮೋಸನ ಹಳೆಯ ಕೋವಿಯನ್ನು ಮೇಜಿನ ಮೇಲಿಟ್ಟ.

“ಸ್ಪಷ್ಟವಾಗಿಯೇ ಇದೆ. ಪಂಚರು ಏನಾದರೂ ಕೇಳುವುದಿದೆಯೇ?” ವಿಚಾರಣಾಧಿಕಾರಿ ಗಡಿಯಾರ ನೋಡಿದ.

“ಇದೆ ಸ್ವಾಮಿ,” ಜಾಕರಿ ಎದ್ದ.

ಪರ್ಸಿವಲ್ ನಕ್ಕ. “ಚಮ್ಮಾರ, ನಿನ್ನ ವಿದ್ಯೆ ಪಾದದ ಹತ್ತಿರ. ಮೇಲೆ ಬರಬೇಡ.”

“ಪಾದ ನೋಡೇ ಮನುಷ್ಯ ಯಾವ ಕಡೆ ನಡೀತಾನೆ ಅಂತ ಹೇಳೋದು, ದೊರೆ. ಪೇದೆ, ಆಮೋಸನ ಕೋವಿಲಿ ಈಡು ತುಂಬಿದೆಯಲ್ಲ, ಅದನ್ನ ಹೊರಗೆ ತೆಗಿ.”

ಪೇದೆ ಕಡ್ಡಿ ತೂರಿಸಿ ತಿರುಚಿ ಎಳೆದ. ಚುನಾವಣೆಯ ನೀಲಿ ಕರಪತ್ರದ ಉಂಡೆ, ಅದರ ಹಿಂದೆ ಚರೆ, ಮತ್ತೊಂದು ಕಾಗದದ ಉಂಡೆ, ಮದ್ದು.

“ನೋಡಿ ಸ್ವಾಮಿ. ಮದ್ದಿಗೂ ಚರೆಗೂ ನಡುವೆ ನಾವೆಲ್ಲ ತುರುಕೋದು ಇದನ್ನೇ. ಹರಿದ ಕಾಗದ, ಒಣಹುಲ್ಲು, ಹಳೇ ಚಿಂದಿ. ದೊರೆ ಎದೆಯಿಂದ ಬಂದದ್ದು ಉಣ್ಣೆ ಬಿಲ್ಲೆ, ಅಳತೆಗೆ ಕತ್ತರಿಸಿದ್ದು, ಅಂಗಡೀಲಿ ಡಬ್ಬಿ ಲೆಕ್ಕದಲ್ಲಿ ಮಾರೋದು. ಅದು ನಿಮಗೆ ವಿಚಿತ್ರ ಅನ್ನಿಸಲಿಲ್ಲ, ಯಾಕಂದ್ರೆ ನಿಮ್ಮ ಕೋವಿಲೂ ಅದೇ ಇರತ್ತೆ. ಈ ಊರಲ್ಲಿ ಯಾರ ಮನೇಲಾದ್ರೂ ಅದಿದೆಯಾ ಅಂತ ಇಲ್ಲಿರೋ ಯಾರನ್ನ ಬೇಕಾದ್ರೂ ಕೇಳಿ. ಒಂದೇ ಮನೇಲಿದೆ.”

ಬೆಂಚುಗಳು ಕಿರುಗುಟ್ಟಿದವು. ವಿಚಾರಣಾಧಿಕಾರಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

“ಯಾರಾದರೂ ಕದ್ದಿರಬಹುದು,” ಎಂದ.

“ಇರಬಹುದು. ಅದಕ್ಕೇ ಅಷ್ಟಕ್ಕೇ ನಿಲ್ಲಿಸಲ್ಲ. ಎಂಟೂವರೆ ಆದ್ಮೇಲೆ ಆ ಹುಲ್ಲುಗಾವಲಲ್ಲಿ ಕೋವಿ ಸಿಡಿದಿದ್ರೆ, ಎರಡು ಹೊಲದಾಚೆ ಊಟ ಮಾಡ್ತಿದ್ದ ಎಂಬತ್ತು ಜನಕ್ಕೆ ಕೇಳಿಸಬೇಕಿತ್ತು. ಗಾಳಿಯಿಲ್ಲದ ಚಳಿ ರಾತ್ರಿ, ನಾಯಿ ಕೆಮ್ಮಿದ್ರೂ ಕೇಳ್ತಿತ್ತು. ಕೇಳಿದೋರು ಕೈಯೆತ್ತಿ.”

ಒಂದು ಕೈಯೂ ಏಳಲಿಲ್ಲ.

“ಆದ್ರೆ ನಾಲ್ಕರಿಂದ ನಾಲ್ಕೂವರೆ? ಕಮ್ಮಾರ ಇಪ್ಪತ್ತೊಂದು ಸಲ ಸಿಡಿಸಿದ. ಇಪ್ಪತ್ತೆರಡನೇದು ಯಾರಿಗೆ ಗೊತ್ತಾಗತ್ತೆ? ಆ ಹೊತ್ತಲ್ಲಿ ಆಮೋಸ್ ನನ್ನ ಅಂಗಡೀಲಿದ್ದ.”

“ಸರ್ ಜರ್ವಿಸ್ ಏಳು ಗಂಟೆಗೆ ಊಟ ಮಾಡಿದ್ದಾರೆ! ಒಬ್ಬ ಗೌರವಸ್ಥ ಮಹಿಳೆಯ ಮಾತು,” ವಿಚಾರಣಾಧಿಕಾರಿ ಗದರಿದ.

“ಅದನ್ನೇ ಕೇಳೋಣ.” ಜಾಕರಿ ಅವಳ ಕಡೆ ತಿರುಗಿದ. ದನಿ ಇಳಿಸಿದ. “ದೊರೆಸಾನಿ, ಜೇನಿಗೆ ಯಾವಾಗ ಹೇಳಿದ್ರಿ?”

ಪಟ್ಟಣದಿಂದ ಬಂದವರು ನಕ್ಕರು. ನಮ್ಮೂರಿನವರು ಯಾರೂ ನಗಲಿಲ್ಲ. ಪರದೆಯ ಹಿಂದೆ ಮುಖ ಕಾಣಲಿಲ್ಲ, ಕೈಗವಸಿನ ಬೆರಳುಗಳು ಮಾತ್ರ ಒಂದನ್ನೊಂದು ಹಿಡಿದವು.

“ಗುರುವಾರ ಬೆಳಿಗ್ಗೆ. ಅಣ್ಣನನ್ನ ಮನೆಗೆ ತಂದ ಮೇಲೆ.”

“ಹನ್ನಾಕ್ಕ, ಇಲ್ಲಿ ಬಾ. ಗುರುವಾರ ನೀನು ಮುಟ್ಟಿದಾಗ ಪಟ್ಟಿ ಹೇಗಿತ್ತು?”

ಹನ್ನಾ ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಗೆ ಕೈ ಒರೆಸಿಕೊಂಡಳು. ದೊರೆಸಾನಿಯ ಕಡೆ ನೋಡಿದಳು. ಆಮೋಸನ ಬೇಡಿ ನೋಡಿದಳು. “ಮಂಜುಗಡ್ಡೆ ಒಳಗಿತ್ತು. ಬುಟ್ಟಿಗೇ ಕಚ್ಚಿಕೊಂಡಿತ್ತು. ಮೇಲೆಲ್ಲ ಗಾಜು ಹೊಯ್ದ ಹಾಗೆ. ದೇವರಾಣೆ.”

“ಇವಳೇನು ಹೇಳುತ್ತಿದ್ದಾಳೆ?” ವಿಚಾರಣಾಧಿಕಾರಿ ಕೇಳಿದ.

“ಬೆಳಿಗ್ಗೆ ಕಟ್ಟಿದ ಪಟ್ಟಿ ಮಂಜುಗಡ್ಡೆ ಮೇಲಿರಬೇಕು ಸ್ವಾಮಿ, ಒಣಗಿ, ಮೆತ್ತಗೆ. ಇದು ಒಳಗಿತ್ತು. ಅಂದ್ರೆ ಪಟ್ಟಿ ಕಟ್ಟಿದ ಮೇಲೆ ಅದು ಮಳೇಲಿ ನೆನೆದು, ಆಮೇಲೆ ಹೆಪ್ಪುಗಟ್ಟಿದೆ. ಬುಧವಾರ ಮಳೆ ಬಂದದ್ದು ಒಂದೇ ಸಲ, ಐದರಿಂದ ಐದೂವರೆ. ಹಬ್ಬದ ಬೆಂಕಿ ಆರಿಸಿದ ಮಳೆ, ಎಲ್ಲರೂ ಬೈದ ಮಳೆ. ಐದಕ್ಕೆ ಮುಂಚೆ ದೊರೆಸಾನಿಗೆ ತಮ್ಮ ಅಣ್ಣ ಸತ್ತದ್ದು ಗೊತ್ತಿತ್ತು. ಐದಕ್ಕೆ ಮುಂಚೆ ಸತ್ತ ಮನುಷ್ಯ ಏಳಕ್ಕೆ ಮಾಂಸ ತಿಂದನಂತೆ.”

ಜಾಕರಿ ಪಂಚರ ಕಡೆ ತಿರುಗಿದ.

“ಆಗಿನ್ನೂ ಪೇದೆ ಬಂದಿರಲಿಲ್ಲ, ಹೆಣ ಸಿಕ್ಕಿರಲಿಲ್ಲ, ಹಾಗಾದ್ರೆ ಇವರಿಗೆ ಹೇಗೆ ಗೊತ್ತಾಯ್ತು? ಜೇನುಬುಟ್ಟಿ ಹತ್ರ ನಿಂತರೆ ಆ ಹುಲ್ಲುಗಾವಲು ಕಾಣತ್ತೆ. ಕಣ್ಣಾರೆ ಕಂಡ್ರು. ಕಂಡದ್ದನ್ನ ಮುಚ್ಚಿಡಬೇಕಾದ್ರೆ, ಅಣ್ಣನನ್ನ ಕೊಂದವನು ಅಣ್ಣನಷ್ಟೇ ಹತ್ತಿರದವನಾಗಿರಬೇಕು. ಹತ್ತು ಮೈಲಿ ದಾರಿ, ಬೇಟೆ ಕುದುರೆ, ಆರು ಗಂಟೆ ಹಿಡೀತಂತೆ! ಈನಾಕನ ಕತ್ತೆಗಾಡಿನೂ ನಾಚಿಕೆಪಟ್ಕೊಳ್ಳತ್ತೆ.”

“ಕುದುರೆ ಗಾಡಿ,” ಎಂದೆ.

“ಕುದುರೆ ಗಾಡಿ. ಆ ಕುದುರೆ ಮೇಲೆ ಕೋವಿ ಪೆಟ್ಟಿಗೆನೂ ಇತ್ತು. ಗುರುವಾರ ಬಂದವರೇ ಮಳೇಲಿ ನೆನೆದ ಕೋಟನ್ನ ಒಲೆಗೆ ಹಾಕಿಸಿದ್ದೂ ಅದಕ್ಕೇ.”

ಪರ್ಸಿವಲ್ ಎದ್ದು ನಿಂತ. “ನನ್ನ ಅಪ್ಪನನ್ನ ನಾನು ಯಾಕೆ ಕೊಲ್ಲಲಿ? ಎಲ್ಲ ಹೇಗಿದ್ದರೂ ನನಗೇ ಬರುತ್ತಿತ್ತು.”

“ಮಾನ ಬರ್ತಿರಲಿಲ್ಲ, ದೊರೆ. ಪಾರ್ಲಿಮೆಂಟಿನ ಕುರ್ಚಿ ಬರ್ತಿರಲಿಲ್ಲ. ಆಮೋಸನಿಗೆ ಬಂದ ನೋಟೀಸು ಬರೆದದ್ದು ನೀವು. ಮರುದಿನ ನಿಮ್ಮಪ್ಪ ಅದನ್ನ ವೇದಿಕೆ ಮೇಲೆ ಓದ್ತಿದ್ರು. ಅವರು ನಮ್ಮ ಗೋಮಾಳ ನುಂಗಿದ ಮನುಷ್ಯ, ನಾನು ಅವರಿಗಾಗಿ ಅಳಲ್ಲ. ಆದ್ರೆ ತಮ್ಮ ಮಾತು ಅಂದ್ರೆ ಅವರಿಗೆ ಮಗನಿಗಿಂತ ದೊಡ್ಡದು. ನೀವು ಹೊರಡೋಕೆ ಮುಂಚೆ ಹುಲ್ಲುಗಾವಲಿಗೆ ಕರೆದು ಅದನ್ನೇ ಹೇಳಿರಬೇಕು.”

“ಆ ನೋಟೀಸು ಎಲ್ಲಿದೆ? ತೋರಿಸು!”

“ಆಮೋಸನದ್ದು ನೀವು ಹೆಣದ ಜೇಬಿಂದ ತೆಗೆದು ಸುಟ್ಟಿರ್ತೀರಿ,” ಜಾಕರಿ ಹೇಳಿದ. ಸೈಲಸ್ ಬರ್ಜನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ ಎಂದು ನನಗೆ ಗೊತ್ತು.

ಸೈಲಸ್ ಕುಳಿತಲ್ಲೇ ಅಂಗಿಯೊಳಗೆ ಕೈ ಹಾಕಿದ. ಬೆವರಿಗೆ ಒದ್ದೆಯಾಗಿದ್ದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟು, “ನಂಗೂ ಬಂದಿತ್ತು,” ಎಂದ. ನಾನು ಪೆಟ್ಟಿಗೆಯ ಚೀಟಿಯನ್ನು ಅದರ ಪಕ್ಕದಲ್ಲಿಟ್ಟೆ. ವಿಚಾರಣಾಧಿಕಾರಿ ಎರಡನ್ನೂ ಬಹಳ ಹೊತ್ತು ನೋಡಿದ. ಎರಡೂ ಒಂದೇ ಕೈ. ಓದಲು ಬಾರದ ಕಮ್ಮಾರನೂ ಕತ್ತು ಚಾಚಿ ನೋಡಿ, “ಒಂದೇ ಕೈ,” ಎಂದ.

“ದೊರೆಸಾನಿ,” ಜಾಕರಿ ಮತ್ತೆ ಕೇಳಿದ, “ನಿಮ್ಮ ಮೇಲೆ ನಂಗೆ ದ್ವೇಷ ಇಲ್ಲ. ಒಂದೇ ಒಂದು ಹೇಳಿ. ಜೇನಿಗೆ ಹೊಸ ಯಜಮಾನನ ಹೆಸರು ಹೇಳಬೇಕಲ್ಲ. ಏನಂತ ಹೇಳಿದ್ರಿ?”

ಅವಳು ಪರದೆ ಎತ್ತಿದಳು. ಅರವತ್ತು ವರ್ಷದ ಮುಖ, ಮೂರು ರಾತ್ರಿಯಲ್ಲಿ ತೊಂಬತ್ತಾಗಿತ್ತು.

“ಅತ್ತೆ, ಸುಮ್ಮನಿರಿ,” ಎಂದ ಪರ್ಸಿವಲ್.

“ಜರ್ವಿಸ್ ಸತ್ತ ಅಂದೆ,” ಅವಳು ಹೇಳಿದಳು. “ಪರ್ಸಿವಲ್ ಕೊಂದ ಅಂದೆ. ಇನ್ಮುಂದೆ ಅವನೇ ಯಜಮಾನ, ಬಿಟ್ಟು ಹೋಗಬೇಡಿ ಅಂತ ಬೇಡಿಕೊಂಡೆ. ಕೈಗಳು ತಾವಾಗೇ ಪಟ್ಟಿ ಕಟ್ಟಿದವು. ಅವುಗಳ ಮುಂದೆ ಸುಳ್ಳು ಹೇಳೋ ಹಾಗಿಲ್ಲ. ಆಮೇಲೆ ಅವನು ಗೋಡೆ ಹಾರಿ ಬಂದು, ನಾನು ಏನು ಹೇಳಬೇಕು ಅಂತ ಹೇಳಿಕೊಟ್ಟ.”

“ಹುಳಕ್ಕೆ ನಿಜ ಹೇಳಿದ್ರಿ!” ಹಿಂದಿನ ಗೋಡೆಯಿಂದ ಕೆಜಾಯಾಳ ಕೂಗು ಬಂತು. “ನನ್ನ ಗಂಡನ ಕುತ್ತಿಗೆಗೆ ಹಗ್ಗ ಬೀಳ್ತಿತ್ತು, ನೀವು ಹುಳಕ್ಕೆ ನಿಜ ಹೇಳಿದ್ರಿ!”

ಯಾರೂ ಅವಳನ್ನು ಸುಮ್ಮನಿರು ಎನ್ನಲಿಲ್ಲ. ದೊರೆಸಾನಿ ಪರದೆಯನ್ನು ಮತ್ತೆ ಇಳಿಸಲಿಲ್ಲ. ಆ ಕೂಗನ್ನು ಬರಿಯ ಮುಖದಲ್ಲಿ ಹೊತ್ತುಕೊಂಡು ಕುಳಿತಳು.

ಪರ್ಸಿವಲ್ ಹೋಲ್ಕಂ ಕುರ್ಚಿಯ ಬೆನ್ನು ಹಿಡಿದು ಪಂಚರ ಕಡೆ ತಿರುಗಿದ. ಧ್ವನಿ ಏರಿಸಲಿಲ್ಲ. “ನನ್ನ ಅತ್ತೆಗೆ ದುಃಖದಲ್ಲಿ ಬುದ್ಧಿ ಕೆಟ್ಟಿದೆ. ತೀರ್ಪು ಕೊಡುವವರು ನೀವು. ಕೊಡುವ ಮೊದಲು, ನಿಮ್ಮಲ್ಲಿ ಹನ್ನೆರಡು ಜನ ಯಾರ ಸೂರಿನ ಕೆಳಗೆ ಮಲಗುತ್ತೀರಿ ಅಂತ ಯೋಚನೆ ಮಾಡಿ. ಒಬ್ಬೊಬ್ಬರೂ ಎದ್ದು ನಿಂತು ಹೇಳಲಿ. ನಾನು ಕೇಳಬೇಕು.”

ವಿಚಾರಣಾಧಿಕಾರಿ ತಡೆಯಬಹುದಿತ್ತು. ತಡೆಯಲಿಲ್ಲ. ಲೇಖನಿ ಅದ್ದಿ ಕುಳಿತ.

ಜಾಕರಿ ಹೇಳಿದ: “ಪರ್ಸಿವಲ್ ಹೋಲ್ಕಂ.” ಅವನಿಗೇನು, ಸ್ವಂತ ಮನೆ. ಸೈಲಸ್ ಎದ್ದು ಹೇಳಿದ. ಕಮ್ಮಾರ ಹೇಳಿದ. ಏಳು ಮಕ್ಕಳ ಗಿರಣಿಯವನು ಹೇಳಿದ, ಹೇಳಿ ಕಣ್ಣು ಮುಚ್ಚಿಕೊಂಡ. ಕುರುಬ ಜೇಬೆಜ್ ಎರಡು ಸಲ ಹೇಳಿದ, ಎರಡನೇ ಸಲ ಎಲ್ಲರಿಗೂ ಕೇಳುವಂತೆ. ಹೀಗೆ ಹನ್ನೊಂದಾಯಿತು. ಕ್ರೌಚ್ ಎದ್ದು, “ನನಗೇನೂ ಗೊತ್ತಿಲ್ಲ,” ಎಂದು ಕುಳಿತ.

ಉಳಿದವನು ನಾನು. ನನ್ನ ಮನೆ ಹೋಲ್ಕಂರದ್ದು, ಲಾಯ ಹೋಲ್ಕಂರದ್ದು, ಕುದುರೆ ಮೇಯುವ ಹುಲ್ಲೂ ಅವರದ್ದು. ಹೆಂಡತಿ ಎದೆಯ ಕಾಯಿಲೆಯಿಂದ ಮಲಗಿದ್ದಳು. ಚಳಿಗಾಲ ಈಗಷ್ಟೇ ಶುರುವಾಗಿತ್ತು. ಪರ್ಸಿವಲ್ ನನ್ನನ್ನೇ ನೋಡುತ್ತಿದ್ದ. ಆಮೋಸ್ ನೋಡುತ್ತಿರಲಿಲ್ಲ, ತನ್ನ ಬೇಡಿಯನ್ನು ನೋಡುತ್ತಿದ್ದ, ನನ್ನಿಂದ ಏನನ್ನೂ ಕೇಳಬಾರದೆಂದು.

“ಪರ್ಸಿವಲ್ ಹೋಲ್ಕಂ,” ಎಂದೆ. “ಅವನೇ ಕೊಂದದ್ದು.”

ಲೇಖನಿ ಕರಕರ ಸದ್ದು ಮಾಡಿತು. ಪೇದೆ ಬಹಳ ನಿಧಾನವಾಗಿ, ತನ್ನ ಕೈಯೇ ತನ್ನದಲ್ಲವೆಂಬಂತೆ, ಆಮೋಸನ ಬೇಡಿ ಬಿಚ್ಚಿ ಎಳೆ ದೊರೆಯ ಕಡೆ ಹೆಜ್ಜೆಯಿಟ್ಟ. ಕೆಜಾಯಾ ಜನರನ್ನು ಮೊಣಕೈಯಿಂದ ತಿವಿಯುತ್ತ ಗಂಡನ ಹತ್ತಿರ ಹೋಗುತ್ತಿದ್ದಳು.

ಬಾಗಿಲ ಬಳಿ ಕ್ರೌಚ್ ನನ್ನ ತೋಳು ಹಿಡಿದ. “ಹೋಲ್ಕಂ ಮನೆತನ ಇವತ್ತಿಗೆ ಮುಗಿಯಲ್ಲ ಈನಾಕ್. ವಕೀಲರಿದಾರೆ, ದಾಯಾದಿಗಳಿದಾರೆ. ಮಾರ್ಚಿಗೆ ಮನೆ ಖಾಲಿ ಮಾಡಬೇಕಾಗತ್ತೆ, ತಿಳ್ಕೋ.”

“ಗಾಡಿ ನಂದೇ ಕಣಯ್ಯ ಕ್ರೌಚ್,” ಎಂದೆ. “ಸಾಮಾನು ಸಾಗಿಸೋಕೆ ಬಾಡಿಗೆ ಕೊಡಬೇಕಾಗಿಲ್ಲ.”